ಭಾನುವಾರದ ಮಾತುಕತೆ, ಎಲ್ಲರೂ ಓದಿ

ನಮಸ್ಕಾರ. ಈ ಭಾನುವಾರ ಸಂಜೆ 4ಕ್ಕೆ ವಾಚನಾಲಯದಲ್ಲಿ ಸೇರೋಣ. ವಿಷಯ: ಕೋರ್ಟಿನೊಳಗೆ ರಾಜಕೀಯ ಹೊಕ್ಕರೆ ನಮ್ಮ ಹಕ್ಕುಗಳ ಗತಿ ಏನು?

ದೂರ ಹುಡುಕುವುದು ಬೇಡ, ನಮ್ಮ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಕೇಸೇ ಇದೆಯಲ್ವಾ. 1973ರಲ್ಲಿ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳಲ್ಲಿ 7 ಜನ, ಸಂಸತ್ತು ತಿದ್ದುಪಡಿ ಮಾಡುವಾಗ ಸಂವಿಧಾನದ ಮೂಲ ರಚನೆ (ಅಂದರೆ ಅದರ ಬುನಾದಿ ತತ್ವಗಳನ್ನು) ಮುಟ್ಟಬಾರದು ಅಂದರು. ಬೆನ್ನಿಗೇ ಸರ್ಕಾರ ಆ ಕಡೆಯಿದ್ದ ಮೂವರು ಹಿರಿಯರನ್ನು ಬಿಟ್ಟು (ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆಯವರೂ ಅವರಲ್ಲಿ ಒಬ್ಬರು) ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. 1976ರಲ್ಲಿ ರೇ ಅವರ ಪೀಠವೇ 9 ಹೈಕೋರ್ಟುಗಳ ತೀರ್ಪು ತಳ್ಳಿಹಾಕಿ, ತುರ್ತು ಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾದವರು ಬಿಡುಗಡೆಗೆ ಕೋರ್ಟಿಗೆ ಬರುವಂತಿಲ್ಲ ಅಂದಿತು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ.

ಬರುವವರು ಶುಕ್ರವಾರದೊಳಗೆ ಇಲ್ಲೇ ತಿಳಿಸಿ, ಚಾಯದ ಲೆಕ್ಕ ಹಾಕಬೇಕು. ವಕೀಲರಾಗಿರುವವರು ತಪ್ಪಿಸಬೇಡಿ. ಪಕ್ಷದ ಫಾರ್ವರ್ಡ್‌ಗಳನ್ನು ಮಾತ್ರ ಸುಮ್ನೆ ಇಲ್ಲಿ ಹಾಕಬೇಡಿ.