ಪುಟ್ಟಿಯ ರೆಪ್ಪೆಯ ಮೇಲಿನ ಗಂಟಿನ ವಿಷಯವಾಗಿ ಅಪ್ಪಯ್ಯನವರಿಗೆ

ಬೋರ್ಡೋ, ಫ್ರಾನ್ಸ್, 14 ನವೆಂಬರ್

ತೀರ್ಥರೂಪರಾದ ಅಪ್ಪಯ್ಯನವರಿಗೂ ಅಮ್ಮನಿಗೂ ರಾಘು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು ಕ್ಷೇಮ. ಅಜ್ಜಿಗೂ ಭಾವನವರಿಗೂ ನನ್ನ ನಮಸ್ಕಾರ ತಿಳಿಸಿರಿ.

ನಿಮ್ಮ ಪತ್ರ ಮೊನ್ನೆ ತಲುಪಿತು. ಹುಟ್ಟಿ ಎರಡು ವಾರವಾದ ಮೇಲೆ ಪುಟ್ಟಿಯ ಎಡಗಣ್ಣಿನ ರೆಪ್ಪೆಯಲ್ಲಿ ಕಾಣಿಸಿಕೊಂಡ ಕೆಂಪು ಚುಕ್ಕೆ ಈಗ ಕಡಲೆಕಾಳಿಗಿಂತ ದೊಡ್ಡದಾಗಿರುವುದನ್ನೂ, ಪೇಟೆಯ ವೈದ್ಯರು ಚೀಟಿಯಲ್ಲಿ ‘ಟ್ಯೂಮರ್’ ಎಂದು ಬರೆದ ದಿನದಿಂದ ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲವೆಂಬುದನ್ನೂ ಓದಿ ನನಗೂ ಆ ರಾತ್ರಿ ನಿದ್ರೆ ಬರಲಿಲ್ಲ. ಸೌಮ್ಯಾ ಕಳುಹಿಸಿದ ಫೋಟೋಗಳನ್ನು ನನ್ನ ಕೆಳಗಿನ ಮನೆಯಲ್ಲಿರುವ ನರ್ಸ್ ಒಬ್ಬರಿಗೆ ತೋರಿಸಿದೆ. ಅವರು ಮರುದಿನವೇ ತಮಗೆ ಪರಿಚಯವಿದ್ದ ಮಕ್ಕಳ ಚರ್ಮವೈದ್ಯರ ಬಳಿಗೆ ಕರೆದೊಯ್ದರು. ಮಗುವನ್ನು ಮುಟ್ಟಿ ನೋಡದೆ ಖಚಿತವಾಗಿ ಹೇಳಲಾಗದೆಂದು ವೈದ್ಯರು ಮೊದಲೇ ತಿಳಿಸಿದರು. ಆದರೂ ಅವರು ಹೇಳಿದ್ದನ್ನು ಕೇಳಿದ ಮೇಲೆ ನನ್ನ ಎದೆಯ ಭಾರ ಅರ್ಧ ಇಳಿಯಿತು.

ಟ್ಯೂಮರ್ ಎಂದರೆ ಕ್ಯಾನ್ಸರ್ ಎಂದು ದಯವಿಟ್ಟು ತಿಳಿಯಬೇಡಿ. ರಕ್ತನಾಳಗಳಿಂದಾಗುವ ಗಂಟು, ಮಚ್ಚೆಗಳಲ್ಲಿ ಎರಡು ಜಾತಿಗಳಿವೆ. 1982ರಲ್ಲಿ ಬಾಸ್ಟನ್ನಿನ ಮಲ್ಲಿಕನ್ ಮತ್ತು ಗ್ಲೊವಾಕಿ ಎಂಬುವರು ಇವೆರಡನ್ನೂ ಸ್ಪಷ್ಟವಾಗಿ ಬೇರ್ಪಡಿಸುವವರೆಗೆ ವೈದ್ಯರೂ ಎಲ್ಲವನ್ನೂ ಒಂದೇ ಹೆಸರಿನಿಂದ ಕರೆಯುತ್ತಿದ್ದರಂತೆ. ಒಂದು ಹಿಮ್ಯಾಂಜಿಯೋಮಾ: ಹುಟ್ಟುವಾಗ ಇಲ್ಲದ್ದು ಅಥವಾ ಕಂಡೂ ಕಾಣದಂತಿದ್ದದ್ದು ಮೊದಲ ವಾರಗಳಲ್ಲಿ ಭರದಿಂದ ಬೆಳೆದು, ಬಹುಪಾಲು ಮಕ್ಕಳಲ್ಲಿ ಐದು ತಿಂಗಳ ಹೊತ್ತಿಗೆ ಬೆಳವಣಿಗೆ ನಿಧಾನವಾಗಿ, ಮುಂದೆ ವರ್ಷಗಟ್ಟಲೆ ತಾನಾಗಿಯೇ ಕುಗ್ಗುತ್ತಾ ಹೋಗುತ್ತದೆ. ಹೆಣ್ಣುಮಕ್ಕಳಲ್ಲಿ, ದಿನ ತುಂಬದೆ ಹುಟ್ಟಿದವರಲ್ಲಿ ಇದು ಹೆಚ್ಚು. ನಮ್ಮ ಪುಟ್ಟಿ ಎರಡಕ್ಕೂ ಸೇರಿದವಳು.

ಇನ್ನೊಂದು ನಮ್ಮ ಶೇಷಗಿರಿ ಮಾವನ ತೋಳಿನಲ್ಲಿರುವಂಥದ್ದು. ರಕ್ತನಾಳಗಳು ರೂಪುಗೊಳ್ಳುವಾಗಲೇ ಆದ ಆ ದೋಷ ಹುಟ್ಟಿನಿಂದಲೇ ಇದ್ದು, ದೇಹದ ಜೊತೆಗೇ ಬೆಳೆಯುತ್ತದೆ, ತಾನಾಗಿ ಕರಗುವುದಿಲ್ಲ. ಕೈ ಇಳಿಬಿಟ್ಟಾಗ ಆ ನೀಲಿ ಗಂಟು ಉಬ್ಬುತ್ತಿದ್ದುದು, ಎತ್ತಿ ಹಿಡಿದರೆ ಇಳಿಯುತ್ತಿದ್ದುದು ನಿಮಗೂ ನೆನಪಿರಬಹುದು. ಅದು ಇಂಥದ್ದೆಂದು ತಿಳಿಯದೆ ಕತ್ತರಿಸಿದ್ದರಿಂದಲೇ ಅಷ್ಟು ರಕ್ತ ಹೋಗಿ, ಎರಡೇ ವರ್ಷದಲ್ಲಿ ಗಂಟು ಮರಳಿ ಬಂತು ಎಂದು ನನಗೆ ಈಗ ಅನ್ನಿಸುತ್ತಿದೆ. ಆದ್ದರಿಂದ ಇದು ಯಾವ ಜಾತಿಯದೆಂದು ತಿಳಿದವರು ಹೇಳುವವರೆಗೆ ಪುಟ್ಟಿಯ ರೆಪ್ಪೆಗೆ ಕತ್ತಿಯನ್ನಾಗಲಿ ಸೂಜಿಯನ್ನಾಗಲಿ ಯಾರೂ ತಾಗಿಸಬಾರದು. ಬಹಳಷ್ಟು ಸಲ ಕಣ್ಣಿನಿಂದ ನೋಡಿಯೇ ಗುರುತಿಸುತ್ತಾರೆ. ಅನುಮಾನವಿದ್ದರೆ ರಕ್ತದ ಹರಿವನ್ನು ತೋರಿಸುವ, ನೋವಿಲ್ಲದ ಡಾಪ್ಲರ್ ಸ್ಕ್ಯಾನಿಂಗ್ ಇದೆ.

ತಾನಾಗಿ ಹೋಗುತ್ತದೆ, ಅನ್ನಪ್ರಾಶನ ಮುಗಿಯಲಿ ಎಂದು ಅಜ್ಜಿ ಹೇಳಿದ್ದಾರಂತೆ. ಬೆನ್ನಿನ ಮೇಲೋ ಹೊಟ್ಟೆಯ ಮೇಲೋ ಇದ್ದ ಸಣ್ಣ ಗಂಟಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ರೆಪ್ಪೆಯ ಗಂಟು ಕಣ್ಣುಗುಡ್ಡೆಯನ್ನು ಒತ್ತಿದರೆ ಅಥವಾ ನೋಟಕ್ಕೆ ಅಡ್ಡ ಬಂದರೆ, ಆ ಕಣ್ಣಿನಿಂದ ನೋಡುವ ಅಭ್ಯಾಸವೇ ಮಗುವಿಗೆ ಆಗದೆ, ಮುಂದೆ ಗಂಟು ಹೋದರೂ ದೃಷ್ಟಿ ಮಂದವಾಗಿ ಉಳಿಯಬಹುದು. ಅನ್ನಪ್ರಾಶನ ಆರನೆಯ ತಿಂಗಳಿಗೆ. ಗಂಟು ಬೆಳೆಯುವ ಕಾಲ ಅಷ್ಟರೊಳಗೇ ಮುಗಿದುಹೋಗುತ್ತದೆ. ಇದೇ ವಾರ ಮಣಿಪಾಲಕ್ಕಾಗಲಿ, ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಾಗಲಿ ಕರೆದೊಯ್ಯಿರಿ. ಕಣ್ಣಿನ ವೈದ್ಯರೂ ನೋಡಲಿ.

ಇದರ ಔಷಧಿಯ ಗುಣ ಗೊತ್ತಾದದ್ದು ನಾನಿರುವ ಈ ಊರಿನಲ್ಲಿಯೇ ಎಂದು ತಿಳಿದಾಗ ನನಗೆ ಮೈ ಜುಮ್ಮೆಂದಿತು. ಮೂಗಿನ ಮೇಲೆ ದೊಡ್ಡ ಹಿಮ್ಯಾಂಜಿಯೋಮಾ ಇದ್ದ ಮಗುವೊಂದಕ್ಕೆ ಸ್ಟೀರಾಯ್ಡ್ ಕೊಟ್ಟು ಹೃದಯದ ತೊಂದರೆಯಾದಾಗ, ಅದಕ್ಕಾಗಿ ಪ್ರೊಪ್ರನೊಲಾಲ್ ಎಂಬ ಹೃದಯದ ಔಷಧಿ ಕೊಟ್ಟರಂತೆ. ಮರುದಿನವೇ ಗಂಟಿನ ಬಣ್ಣ ಬದಲಾಗಿ ಮೆತ್ತಗಾಯಿತು. ಡಾ. ಕ್ರಿಸ್ಟೀನ್ ಲಿಯೋಟೆ ಲಾಬ್ರೆಜ್ ಮತ್ತು ಜೊತೆಯವರು ಇದನ್ನು 2008ರಲ್ಲಿ ಪ್ರಕಟಿಸಿದರು. ಈಗ ಲೋಕದಾದ್ಯಂತ ಚಿಕಿತ್ಸೆ ಬೇಕಾದ ಮಕ್ಕಳಿಗೆ ಮೊದಲು ಕೊಡುವುದು ಇದನ್ನೇ. ಸಾವಿತ್ರಿ ಅತ್ತೆ ತಲೆನೋವಿಗೆ ನುಂಗುವುದೂ ಇದೇ ಔಷಧಿ. ಹಾಗೆಂದು ಅವರ ಮಾತ್ರೆಯನ್ನು ಮುರಿದು ಮಗುವಿಗೆ ಖಂಡಿತ ಕೊಡಬೇಡಿ. ಎದೆಬಡಿತ ನೋಡಿ, ತೂಕಕ್ಕೆ ತಕ್ಕಂತೆ ವೈದ್ಯರೇ ಆರಂಭಿಸಬೇಕು. ಹಾಲು ಕುಡಿಸುವಾಗ ಅಥವಾ ಕುಡಿಸಿದ ಕೂಡಲೇ ಕೊಡಬೇಕು. ಮಗು ಹಾಲು ಬಿಟ್ಟರೆ, ವಾಂತಿ ಮಾಡಿಕೊಂಡರೆ ಆ ಹೊತ್ತಿನದನ್ನು ಬಿಟ್ಟು ವೈದ್ಯರಿಗೆ ಫೋನ್ ಮಾಡಬೇಕು, ಏಕೆಂದರೆ ರಕ್ತದಲ್ಲಿ ಸಕ್ಕರೆ ಇಳಿಯುವ ಭಯವಿದೆ. ಇದನ್ನು ಸೌಮ್ಯಾಗೆ ಎರಡು ಸಲ ಓದಿ ಹೇಳಿರಿ.

ಬಸುರಿಯಾಗಿದ್ದಾಗ ಗ್ರಹಣದ ದಿನ ಅಂಗಳಕ್ಕೆ ಬಂದದ್ದರಿಂದಲೇ ಹೀಗಾಯಿತೆಂದು ಸೌಮ್ಯಾ ಅಳುತ್ತಿರುವುದು ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಯಿತು. ಫ್ರೆಂಚಿನಲ್ಲಿ ಹುಟ್ಟುಮಚ್ಚೆಗೆ ‘ಆನ್ವಿ’ ಎಂಬ ಹೆಸರಿದೆ, ಆ ಪದಕ್ಕೆ ಬಯಕೆ ಎಂದರ್ಥ. ಬಸುರಿಯ ತೀರದ ಬಯಕೆ ಮಗುವಿನ ಮೈಮೇಲೆ ಮೂಡುತ್ತದೆಂದು ಇವರ ಅಜ್ಜಿಯರೂ ನಂಬಿದ್ದರಂತೆ. ಅಲ್ಲಿ ಗ್ರಹಣ, ಇಲ್ಲಿ ಬಯಕೆ. ಎರಡು ಕಡೆಯೂ ಹೊರೆ ತಾಯಿಯ ತಲೆಗೆ. ಅವಳ ತಪ್ಪು ಎಳ್ಳಷ್ಟೂ ಇಲ್ಲವೆಂದು ಅಪ್ಪಯ್ಯ, ನೀವೇ ಬಾಯಿಬಿಟ್ಟು ಹೇಳಬೇಕು. ಹೆಣ್ಣು ಮಗು, ನಾಳೆ ಮದುವೆಯ ಮಾತೇನು ಎಂದು ಎರಡು ತಿಂಗಳ ಕೂಸಿನ ಮುಂದೆ ಯಾರೂ ಆಡುವುದು ಬೇಡ.

ನನ್ನ ಬಗ್ಗೆ ಏನೂ ಚಿಂತೆ ಬೇಡ. ಚಳಿಗೆ ಒಳ್ಳೆಯ ಕೋಟು ಕೊಂಡಿದ್ದೇನೆ, ಅನ್ನ ಸಾರು ಮಾಡಿಕೊಳ್ಳುತ್ತೇನೆ, ಆರೋಗ್ಯ ಬಹಳ ಚೆನ್ನಾಗಿದೆ. ಇಲ್ಲಿಯ ನದಿ ಗರೋನ್ ನಮ್ಮ ಮಳೆಗಾಲದ ತುಂಗೆಯಂತೆ ಕೆಂದು ಬಣ್ಣದ್ದು. ಸಮುದ್ರದ ಉಬ್ಬರ ಬಂದಾಗ ಹಿಮ್ಮುಖವಾಗಿ ಹರಿಯುತ್ತದೆ, ಅಮ್ಮ ಬಂದು ನೋಡಬೇಕು. ಭಾವನವರ ಖಾತೆಗೆ ಐವತ್ತು ಸಾವಿರ ಹಾಕಿದ್ದೇನೆ, ಸಾಲದಿದ್ದರೆ ಸಂಕೋಚವಿಲ್ಲದೆ ತಿಳಿಸಿರಿ.

ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು. ಮಣಿಪಾಲಕ್ಕೆ ಹೊರಡುವ ದಿನ ಫೋನ್ ಮಾಡಿ.

ಇಂತಿ ನಿಮ್ಮ ಮಗ,
ರಾಘು