ಮೊದಲ ವರ್ಷದವರನ್ನೂ ಶಾಪ್ ಒಳಗೆ ಬಿಡೋಣ

ಮಾನ್ಯರೇ,

ವರ್ಷದ ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿಯುವ ಹೊತ್ತಿಗೆ ಎಂಜಿನಿಯರಿಂಗ್ ಮಕ್ಕಳು ರಜೆಗೆ ಇಂಟರ್ನ್‌ಶಿಪ್ ಹುಡುಕಲು ಶುರು ಮಾಡುತ್ತಾರೆ. ಬೆಳಗಾವಿಯ ಉದ್ಯಮಬಾಗದಲ್ಲಿ ಲೋಹದ ಬಿಡಿಭಾಗ ತಯಾರಿಸುವ ಸಣ್ಣ ಮಷೀನ್ ಶಾಪ್ ನಡೆಸುವ ನನ್ನ ಹತ್ತಿರವೂ ವಿದ್ಯಾರ್ಥಿಗಳು ಬರುತ್ತಾರೆ. ಹೆಚ್ಚಿನವರು ಕೊನೆಯ ವರ್ಷದವರು, ಅವರಿಗೆ ಬೇಕಾದದ್ದು ಸಹಿ ಮತ್ತು ಸೀಲು. ಕಳೆದ ವರ್ಷ ಬಂದ ಹುಡುಗಿಯೊಬ್ಬಳ ಮಾತೇ ಬೇರೆ ಇತ್ತು. ರೈತರ ಮನೆಯ ಮಗಳು, ಮೆಕ್ಯಾನಿಕಲ್ ಓದುತ್ತಿದ್ದಳು, ಆಗಷ್ಟೇ ಮೊದಲ ವರ್ಷ ಮುಗಿಸಿದ್ದಳು. "ಸರ್ಟಿಫಿಕೇಟ್ ಬ್ಯಾಡ್ರಿ ಸರ್, ಒಳಗ ನಿಂತು ನೋಡಾಕ ಬಿಟ್ರ ಸಾಕು" ಎಂದಳು.

ಎಲ್ಲೆಲ್ಲಿ ಕೇಳಿದ್ದೀಯವ್ವಾ ಎಂದರೆ ಮೊಬೈಲ್ ತೆಗೆದು ತೋರಿಸಿದಳು. ದೊಡ್ಡ ಕಂಪನಿಗಳು ಕೇಳಿದ್ದು ಮೂರನೇ ವರ್ಷದವರನ್ನು. ಕೂಡಲೇ 'ಆಯ್ಕೆಯಾಗಿದ್ದೀರಿ' ಎಂದು ಉತ್ತರ ಬಂದದ್ದು ಒಂದೇ ಕಡೆಯಿಂದ. ಸಂದರ್ಶನವಿಲ್ಲ, ಪ್ರಶ್ನೆಯಿಲ್ಲ; 2,500 ರೂಪಾಯಿ ಕಟ್ಟಿದರೆ ನಾಲ್ಕು ವಾರದ ಆನ್‌ಲೈನ್ ಇಂಟರ್ನ್‌ಶಿಪ್, ಕೊನೆಗೊಂದು ಪ್ರಮಾಣಪತ್ರ. ಅಪ್ಪನ ಹತ್ತಿರ ದುಡ್ಡು ಕೇಳಲು ಮನಸ್ಸಾಗದೆ ಬಿಟ್ಟಿದ್ದಳು. ನನಗೆ ಸಂಕಟವಾಯಿತು. ಕಲಿಯಲು ಬರುವ ಮಕ್ಕಳಿಂದ ಹೀಗೆ ಹಣ ಕೀಳುವುದು ಶುದ್ಧ ಮೋಸ. ಇದನ್ನು ಕಾಲೇಜುಗಳು ತರಗತಿಯಲ್ಲೇ ಬಿಡಿಸಿ ಹೇಳಬೇಕು. ಇನ್ನು ಸರ್ಕಾರದ ಕಡೆ ನೋಡಿದರೆ, 2024ರಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆಯನ್ನು ರೂಪಿಸಿದ್ದು 21ರಿಂದ 24 ವರ್ಷದವರಿಗೆ, ಅದೂ ಪೂರ್ಣಾವಧಿ ಓದಿನಲ್ಲಿ ಇಲ್ಲದವರಿಗೆ.

ಮೂರು ವಾರ ಬಾ ಎಂದೆ. ಮಷೀನ್ ಮುಟ್ಟುವಂತಿಲ್ಲ, ದುಪಟ್ಟಾ ಬೇಡ, ಕೂದಲು ಬಿಗಿಯಾಗಿ ಕಟ್ಟಿರಬೇಕು, ಸೇಫ್ಟಿ ಶೂ ಇಲ್ಲದೆ ಒಳಗೆ ಬರುವಂತಿಲ್ಲ. ವರ್ನಿಯರ್, ಮೈಕ್ರೋಮೀಟರ್ ಹಿಡಿದು ಅಳೆಯುವುದು, ಡ್ರಾಯಿಂಗ್ ಓದುವುದು, ರಿಜೆಕ್ಟ್ ಆದ ಜಾಬ್‌ಗಳನ್ನು (ನಾವು ತಯಾರಿಸುವ ಬಿಡಿಭಾಗಗಳನ್ನು) ವಹಿಯಲ್ಲಿ ಬರೆಯುವುದು, ಇಷ್ಟೇ ಆಕೆಯ ಕೆಲಸ. ಹೈಡ್ರಾಲಿಕ್ ಪಂಪ್ ಬಾಡಿಯ ಬೋರ್, ಅಂದರೆ ಒಳಗಿನ ದುಂಡು ರಂಧ್ರದ ಅಳತೆ, ಮಷೀನ್ ಬಳಿ ನೋಡಿದಾಗ ಸರಿ ಬಂದು, ಇನ್‌ಸ್ಪೆಕ್ಷನ್ ಟೇಬಲ್‌ಗೆ ಹೋದ ಮೇಲೆ ಕಡಿಮೆ ತೋರಿಸುವ ತಕರಾರು ಆಗ ನಮ್ಮಲ್ಲಿತ್ತು. ಆಪರೇಟರ್ ಗೇಜ್ ಸರಿಯಿಲ್ಲ ಎನ್ನುತ್ತಿದ್ದ, ಇನ್‌ಸ್ಪೆಕ್ಟರ್ ಆಪರೇಟರನ್ನೇ ದೂರುತ್ತಿದ್ದ. ಹತ್ತು ದಿನ ವಹಿ ಬರೆದ ಹುಡುಗಿ, "ಸರ್, ಜಾಬ್ ಬಿಸಿ ಇದ್ದಾಗನ ಅಳಿಯಾಕತ್ತಾರ್ರಿ" ಎಂದಳು. 50 ಮಿ.ಮೀ. ಬೋರ್ ಇರುವ ಎರಕದ ಕಬ್ಬಿಣದ ಜಾಬ್ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಬಿಸಿಯಾದರೆ ಬೋರ್ ಸುಮಾರು 0.01 ಮಿ.ಮೀ. ಹಿಗ್ಗುತ್ತದೆ, ತಣ್ಣಗಾದಾಗ ಅಷ್ಟೇ ಕುಗ್ಗುತ್ತದೆ. ನಮ್ಮ ಕೆಲಸದಲ್ಲಿ ಜಾಬ್ ರಿಜೆಕ್ಟ್ ಆಗಲು ಅಷ್ಟು ಸಾಕು. ನಮಗೆ ಗೊತ್ತಿಲ್ಲದ್ದೇನಲ್ಲ, ಆರ್ಡರ್ ಮುಗಿಸುವ ಅವಸರದಲ್ಲಿ ಯಾರೂ ನಿಂತು ನೋಡಿರಲಿಲ್ಲ. ಆಕೆಗೆ ಅದು ಪಿಯುಸಿ ಪಾಠ. ಪುಸ್ತಕದಲ್ಲಿ ಓದಿದ ಆ ಹಿಗ್ಗುವಿಕೆ ಇಲ್ಲಿ ಬಿಸಿಯಾಗಿ ಅಂಗೈಗೆ ತಾಗಿದಾಗ ಆ ಮುಖದಲ್ಲಿ ಕಂಡ ಬೆಳಕನ್ನು ನಾನು ಮರೆತಿಲ್ಲ.

ಮೊದಲ ವರ್ಷದವರಿಗೆ ಏನು ಬರುತ್ತದೆ ಎಂದು ನಾನೂ ಕೇಳುತ್ತಿದ್ದವನೇ. ನನ್ನಂಥ ಮಾಲೀಕರಿಗೆ ನಿಜವಾದ ಅಂಜಿಕೆ ಅಪಘಾತದ್ದು. ಕಾಲೇಜು ಅಪಘಾತ ವಿಮೆ ಮಾಡಿಸಿ, ಒಂದು ಪತ್ರ ಕೊಟ್ಟು, ವಾರಕ್ಕೊಮ್ಮೆ ಬಂದು ಹೋಗಲು ಒಬ್ಬ ಉಪನ್ಯಾಸಕರನ್ನು ಗೊತ್ತು ಮಾಡಿದರೆ ಅರ್ಧ ಅಂಜಿಕೆ ಹೋಗುತ್ತದೆ. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯು ಇರುವುದು ಇದೇ ಖಾನಾಪುರ ರಸ್ತೆಯ ಮಚ್ಛೆಯಲ್ಲಿ, ನಮ್ಮಿಂದ ಕೆಲವೇ ಕಿಲೋಮೀಟರ್. ಹುಬ್ಬಳ್ಳಿಯ ಗೋಕುಲ ರಸ್ತೆ, ಶಿವಮೊಗ್ಗದ ಮಾಚೇನಹಳ್ಳಿ, ಮೈಸೂರಿನ ಹೆಬ್ಬಾಳ, ಬೆಂಗಳೂರಿನ ಪೀಣ್ಯದಲ್ಲೂ ನಮ್ಮಂಥ ಶಾಪ್‌ಗಳಿವೆ. ಎರಡು-ಮೂರು ವಾರ ವಿದ್ಯಾರ್ಥಿಗಳನ್ನು ಬಿಟ್ಟುಕೊಳ್ಳಲು ಒಪ್ಪುವವರ ಪಟ್ಟಿಯನ್ನು ಆಯಾ ಜಿಲ್ಲಾ ಕೈಗಾರಿಕಾ ಕೇಂದ್ರ ಸಿದ್ಧಪಡಿಸಿ ಕಾಲೇಜುಗಳಿಗೆ ಕಳಿಸಲಿ.

ವಿದ್ಯಾರ್ಥಿಗಳಿಗೊಂದು ಮಾತು: ಇಮೇಲ್‌ಗೆ ಉತ್ತರ ಬರಲಿಲ್ಲವೆಂದು ಸುಮ್ಮನಾಗಬೇಡಿ, ಸಣ್ಣ ಶಾಪ್‌ಗಳಲ್ಲಿ ಇಮೇಲ್ ನೋಡುವವರೇ ಇರುವುದಿಲ್ಲ. ಶಿಫ್ಟ್ ಶುರುವಾಗುವ ಗಡಿಬಿಡಿಯಲ್ಲಿ ಬೇಡ, ಮಧ್ಯಾಹ್ನ ಊಟದ ನಂತರ ನೇರವಾಗಿ ಬಂದು ಮಾತಾಡಿ. ಒಬ್ಬರು ಇಲ್ಲವೆಂದರೆ ಪಕ್ಕದ ಶೆಡ್‌ನಲ್ಲಿ ಕೇಳಿ. ಈ ರಜೆಗೆ ನಮ್ಮಲ್ಲಿ ಇಬ್ಬರಿಗೆ ಜಾಗವಿದೆ. ದುಡ್ಡು ಕೊಡಬೇಕಿಲ್ಲ, ಕಾಲೇಜಿನ ಪತ್ರ ಮತ್ತು ಸೇಫ್ಟಿ ಶೂ ಇದ್ದರಾಯಿತು.

– ಒಬ್ಬ ಸಣ್ಣ ಉದ್ಯಮಿ, ಉದ್ಯಮಬಾಗ, ಬೆಳಗಾವಿ