ನೀರಿನ ರಭಸ ಹೆಚ್ಚಿದರೆ ಚಿನ್ನ ನಿಲ್ಲುವುದಿಲ್ಲ

ಮಾನ್ಯ ಸಂಪಾದಕರೇ,

ನ್ಯೂಜಿಲೆಂಡ್‌ನ ಆ್ಯರೋ ನದಿಯಲ್ಲಿ ಹವ್ಯಾಸಕ್ಕೆ ಚಿನ್ನ ತೊಳೆಯುವವರ ಕುರಿತು ನಿಮ್ಮ ಪುರವಣಿಯಲ್ಲಿ ಬಂದ ಲೇಖನದಲ್ಲಿ, ಸ್ಲೂಸ್ ಪೆಟ್ಟಿಗೆಯನ್ನು (ತಳದಲ್ಲಿ ಮ್ಯಾಟ್, ಅದರ ಮೇಲೆ ಅಡ್ಡಪಟ್ಟಿಗಳಿದ್ದು, ಹರಿಯುವ ನೀರಿನಲ್ಲಿ ಮಣ್ಣಿನಿಂದ ಚಿನ್ನ ಹಿಡಿಯುವ ಉದ್ದ ಪೆಟ್ಟಿಗೆ) ನೀರು ಜೋರಾಗಿರುವ ಕಡೆ ಇಟ್ಟಷ್ಟೂ ಒಳ್ಳೆಯದು ಎಂದಿದೆ. ಇದು ತಪ್ಪು. ಸಣ್ಣ, ಚಪ್ಪಟೆ ಚೂರುಗಳು ರಭಸದ ನೀರಿಗೆ ನಿಲ್ಲದೆ ಕೊಚ್ಚಿಹೋಗುತ್ತವೆ.

ಮೊದಲು ಪೆಟ್ಟಿಗೆಯ ಉದ್ದದ ಪ್ರತಿ ಅಡಿಗೆ ಒಂದು ಅಂಗುಲದಂತೆ ಇಳಿಜಾರು ಕೊಡಿ. ನಾಲ್ಕು ಅಡಿಯ ಪೆಟ್ಟಿಗೆಯಾದರೆ ನೀರು ಒಳಬರುವ ತುದಿ ನಾಲ್ಕು ಅಂಗುಲ ಮೇಲಿರಬೇಕು. ಅಡ್ಡಕ್ಕೆ ರಸಮಟ್ಟ ಇಟ್ಟು ನೋಡಿ, ಸ್ವಲ್ಪವೂ ವಾಲಿರಬಾರದು. ವಾಲಿದರೆ ನೀರೆಲ್ಲ ಒಂದೇ ಬದಿಗೆ ಹರಿದು, ಇನ್ನೊಂದು ಬದಿಯ ಅಡ್ಡಪಟ್ಟಿಗಳು ಮರಳಿನಲ್ಲಿ ಹೂತುಹೋಗುತ್ತವೆ.

ಆಮೇಲಿನದನ್ನು ಅಡ್ಡಪಟ್ಟಿಗಳೇ ಹೇಳುತ್ತವೆ. ಪ್ರತಿ ಪಟ್ಟಿಯ ಹಿಂದೆ ಸಣ್ಣ ಸುಳಿ ಎದ್ದು ಮರಳು ಕುಣಿಯುತ್ತಿರಬೇಕು. ಕ್ವಾರ್ಟ್ಜ್ ಮರಳಿನ ಸಾಪೇಕ್ಷ ಸಾಂದ್ರತೆ (ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ) 2.65, ಚಿನ್ನದ್ದು 19.3. ಆ ಕುಣಿತದಲ್ಲೇ ಮರಳು ಮೇಲೆದ್ದು ಹೋಗಿ ಚಿನ್ನ ತಳ ಸೇರುವುದು. ಪಟ್ಟಿಗಳು ಕಾಣದಷ್ಟು ಮರಳು ತುಂಬಿ ಗಟ್ಟಿಯಾದರೆ ಸುಳಿ ಸತ್ತಿದೆ ಎಂದರ್ಥ. ಮೇಲಿನ ತುದಿಯನ್ನು ಅರ್ಧ ಅಂಗುಲ ಎತ್ತಿ. ಪಟ್ಟಿಗಳ ನಡುವೆ ಬರಿ ಮ್ಯಾಟ್ ಕಂಡರೆ ಇಳಿಸಿ. ಇಳಿಜಾರು, ನೀರು ಎರಡನ್ನೂ ಒಟ್ಟಿಗೆ ಬದಲಿಸಬೇಡಿ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಪಟ್ಟಿಗಳು ಮ್ಯಾಟ್‌ಗೆ ಬಿಗಿಯಾಗಿ ಕೂತಿರುವುದೂ ಮುಖ್ಯ. ಕೂದಲೆಳೆಯಷ್ಟು ಸಂದಿ ಇದ್ದರೂ ನೀರು ಅಡಿಯಲ್ಲೇ ನುಗ್ಗಿ ಸಿಕ್ಕಿದ್ದನ್ನೂ ಹೊರಹಾಕುತ್ತದೆ.

ಮಣ್ಣನ್ನು ಅರ್ಧ ಅಂಗುಲದ, ಸಾಧ್ಯವಾದರೆ ಕಾಲು ಅಂಗುಲದ ಜರಡಿಯಲ್ಲಿ ಹಾಯಿಸಿಯೇ ಹಾಕಿ. ದೊಡ್ಡ ಕಲ್ಲನ್ನು ಉರುಳಿಸುವಷ್ಟು ನೀರು ಬಿಟ್ಟರೆ ಸಣ್ಣ ಚಿನ್ನ ಉಳಿಯುವುದಿಲ್ಲ. ಜೇಡಿಯನ್ನು ಬಕೆಟ್ಟಿನಲ್ಲೇ ಕಿವುಚಿ ಕರಗಿಸಬೇಕು, ಇಲ್ಲದಿದ್ದರೆ ಜೇಡಿಯುಂಡೆ ಉರುಳುತ್ತಾ ಚಿನ್ನವನ್ನು ಅಂಟಿಸಿಕೊಂಡೇ ಹೊರಬೀಳುತ್ತದೆ. ಬಕೆಟ್ ಬೋರಲು ಹಾಕದೆ, ಬೊಗಸೆಯಷ್ಟು ಹಾಕಿ, ಅದು ಹರಿದು ಹೋದ ಮೇಲೆ ಮುಂದಿನದು.

ಹೊಂದಿಕೆ ಸರಿಯಿದೆಯೇ ಎಂದು ತಿಳಿಯಲು ಚಿಕ್ಕ ಸೀಸದ ಹತ್ತು ಚೂರುಗಳನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ ಮಣ್ಣಿಗೆ ಬೆರೆಸಿ ಹಾಕಿ. ಸೀಸದ ಸಾಪೇಕ್ಷ ಸಾಂದ್ರತೆ 11.3. ಅದು ನಿಂತರೆ ಅದೇ ಗಾತ್ರದ ಚಿನ್ನವೂ ನಿಲ್ಲುತ್ತದೆ. ಸೀಸ ನದಿಗೆ ಹೋಗದಂತೆ ಪೆಟ್ಟಿಗೆಯಿಂದ ನೀರು ಹೊರಬೀಳುವ ತುದಿಗೆ ತೊಟ್ಟಿ ಇಟ್ಟು ಇದನ್ನು ಮಾಡಿ, ಹತ್ತನ್ನೂ ಎಣಿಸಿ ತೆಗೆಯಿರಿ. ನಿಜವಾದ ಕೆಲಸದಲ್ಲೂ ಹೊರಬಿದ್ದ ಮರಳನ್ನು ಆಗಾಗ ಪ್ಯಾನ್‌ನಲ್ಲಿ, ಅಂದರೆ ಚಿನ್ನ ತೊಳೆಯುವ ಅಗಲ ತಟ್ಟೆಯಲ್ಲಿ, ಒಂದಿಷ್ಟು ತೊಳೆದು ನೋಡುತ್ತಿರಬೇಕು. ಪ್ಯಾನ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟರೆ ತೇಲುವ ಪುಡಿಚಿನ್ನ ಮುಳುಗುತ್ತದೆ. ಚಿನ್ನ ಪೆಟ್ಟಿಗೆಯ ಮೇಲಿನ ಮೂರನೇ ಒಂದು ಭಾಗದಲ್ಲೇ ಸಿಗಬೇಕು. ಕೊನೆಯ ಪಟ್ಟಿಗಳಲ್ಲೂ ಕಂಡರೆ ಇನ್ನಷ್ಟು ಹೊರಗೆ ಹೋಗಿದೆ. ಇದಕ್ಕೆ ಉದ್ದದ ಪೆಟ್ಟಿಗೆ ಕೊಳ್ಳುವವರಿದ್ದಾರೆ, ಅದು ದುಡ್ಡಿನ ದಂಡ.

ಆ್ಯರೋ ನದಿ ದಂಡೆಯ ಆ್ಯರೋಟೌನ್‌ನಲ್ಲಿ ಸಾರ್ವಜನಿಕರಿಗೆ ಬಿಟ್ಟ ಜಾಗದಲ್ಲಿ ಕೈಸಾಧನಗಳಿಗಷ್ಟೇ ಅವಕಾಶ, ಮೋಟರ್ ಪಂಪ್ ಕೂಡದು ಎಂಬುದನ್ನೂ ಲೇಖನ ಬಿಟ್ಟಿದೆ. ಜಲಗಾರರು ಹಿಂದೆ ಚಿನ್ನ ತೊಳೆಯುತ್ತಿದ್ದ ನಮ್ಮ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಓದಿದ ಉತ್ಸಾಹದಲ್ಲಿ ಯಾರೂ ಅಲ್ಲಿಗೆ ಸಲಿಕೆ ಹಿಡಿದು ಹೋಗಬಾರದು. ದಯವಿಟ್ಟು ತಿದ್ದುಪಡಿ ಪ್ರಕಟಿಸಿ.

– ಓದುಗ, ಡುನೆಡಿನ್